ಮಟವೇರಾ ಊರನ್ನು ಸ್ಕೂಟರಿನಲ್ಲಿ ದಾಟಿದ್ದು

ಅರೊರಾಂಗಿ, ರಾರೊಟೊಂಗಾ
ಭಾನುವಾರ, ೧೫ ಸೆಪ್ಟೆಂಬರ್ ೨೦೧೯, ಪ್ರಾರ್ಥನೆ ಮುಗಿಸಿ ಬಂದ ಮೇಲೆ

ಪ್ರೀತಿಯ ಪಾಯೆ,

ಕಿಯಾ ಒರಾನಾ. ಬಸ್ಸು ಓಡಿಸುವಾಗ ಹತ್ತುವವರಿಗೆಲ್ಲ ದಿನವೆಲ್ಲ ಹೇಳಿ ಹೇಳಿ ಸವೆದುಹೋದ ಮಾತು. ಬಹುಕಾಲ ಬಾಳು ಎಂದು ಅದಕ್ಕೊಂದು ಅರ್ಥವಿದೆ ಎನ್ನುವುದು ಇವತ್ತು ಕಾಗದದ ಮೇಲೆ ಬರೆದಾಗ ನೆನಪಾಯಿತು. ಹೇಗಿದ್ದೀಯ? ಬಾಯಿಹುಣ್ಣು ಮಾಯಿತೆ? ಬೆರಳುಗಳು ಜೋಮು ಹಿಡಿಯುವುದು ಕಡಿಮೆಯಾಯಿತೆ? ಆಕ್ಲೆಂಡಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲ ಎಂದು ನಿನ್ನ ತಂಗಿ ತಿರೋವಾ ಹೇಳಿದಳು. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೋ, ಬಣ್ಣ ಚೆನ್ನಾಗಿಲ್ಲ ಎಂದು ಹಟ ಮಾಡಬೇಡ, ಕಾಲಿಗೇನು ಕಣ್ಣಿದೆಯೆ? ಕೆಸುವಿನ ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ್ದೇನೆ. ಉಪ್ಪು ಹೆಚ್ಚಾಗಿದೆ, ನನಗೂ ಗೊತ್ತು. ಮೀನೂ ಇದೆ. ನಾಳೆಯ ವಿಮಾನಕ್ಕೆ ನಮ್ಮ ಚರ್ಚಿನ ಪುತಾರಾ ಹಿರಿಯರ ಸೊಸೆ ಹೊರಟಿದ್ದಾಳೆ, ಅವಳ ಐಸ್ ಪೆಟ್ಟಿಗೆಯಲ್ಲಿ ಇದನ್ನೆಲ್ಲ ಇಟ್ಟು ಈ ಕಾಗದವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ತುರುಕುತ್ತೇನೆ. ಮೀನಿನ ವಾಸನೆ ಬಂದರೆ ಮೂಗು ಮುರಿಯಬೇಡ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಿನ್ನ ಅಣ್ಣನ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಿರುತ್ತಾರೆ, ಹಿಂದಿನಿಂದ ಟೀವಿಯ ಗಲಾಟೆ ಬೇರೆ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯ ಹತ್ತಿರ ಸಭೆಯ ಮುಂದೆ ನಿಂತು ಮಾತಾಡಿದಂತಾಗುತ್ತದೆ ನನಗೆ.

ಬುಧವಾರ ಆದದ್ದೂ ಅದೇ. ಡಾಕ್ಟರು ಹೇಳಿದ್ದನ್ನು ನೀನು ಸಂತೆಯ ಸುದ್ದಿ ಹೇಳುವ ಹಾಗೆ ಹೇಳಿಬಿಟ್ಟೆ. ಕ್ರಿಸ್‌ಮಸ್ ಕಳೆಯುವ ತನಕ ಅಲ್ಲೇ ಇದ್ದು ಬೇರೊಂದು ಔಷಧಿ ಏರಿಸಿಕೊಂಡು ನೋಡಬಹುದಂತೆ, ಕೆಲಸ ಮಾಡಿದರೆ ಮಾಡಿತು, ಇಲ್ಲವಾದರೆ ಇಲ್ಲವಂತೆ. ಬೇಡವೆಂದರೆ ನೋವಿನ ಮಾತ್ರೆ ಕಟ್ಟಿಕೊಡುತ್ತಾರೆ, ಮನೆಗೆ ಹೋಗಬಹುದು. ಬರುವ ವಾರದ ಗುರುವಾರದೊಳಗೆ ಹೇಳಬೇಕು. ಆಮೇಲೆ ನೀನು ಕೇಳಿದೆ: 'ನೀನೇನಂತೀಯ ತಮಾ? ಇಲ್ಲೇ ಇರ್ಲಾ, ಬಂದುಬಿಡ್ಲಾ?' ನೀನೇ ಮಾತು ತಿರುಗಿಸಿ, 'ಅಂಗಳದಲ್ಲಿ ನಿಮ್ಮಪ್ಪನ ಸಮಾಧಿ ಪಕ್ಕ ಜಾಗ ಹಂಗೇ ಇದ್ಯಾ?' ಎಂದೆ. ನಾನು, 'ಇದೆ, ಕೆಂಪು ಕೋಳಿ ಅಲ್ಲೇ ಮರಿ ಮಾಡಿದೆ, ನೀನು ಬಂದ್ರೂ ಬಿಟ್ಟುಕೊಡಲ್ಲ' ಎಂದುಬಿಟ್ಟೆ. ಆ ಕಡೆ ಎಲ್ಲರೂ ನಕ್ಕರು. ನೀನೂ ನಕ್ಕೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯಲೆಂದೇ ಈಗ ಕೂತಿರುವುದು. ಮೊದಲು ನಿನ್ನೆ ಕ್ಯಾನ್ಸರ್ ನಿಧಿಗೆಂದು ದ್ವೀಪ ಸುತ್ತಿದ ಓಟದ ಸುದ್ದಿ ಹೇಳಿಬಿಡುತ್ತೇನೆ, ನೀನೂ ಕಾಯುತ್ತಿರುತ್ತೀಯ.

ತಾಲೀಮಿನ ಕಷ್ಟಗಳನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಕಾಲುನೋವು, ಉಸಿರು, ನಾಯಿಗಳು, ಇವೆಲ್ಲ ಹೇಗೋ ಸರಿಹೋದವು. ಸರಿಹೋಗದೆ ಉಳಿದದ್ದು ನಮ್ಮ ಜನರ ಒಳ್ಳೆಯತನ. ನಡೆದು ಹೋಗುವವನನ್ನು ಕಂಡೂ ಗಾಡಿ ನಿಲ್ಲಿಸದೆ ಹೋಗುವ ಮನುಷ್ಯ ಈ ದ್ವೀಪದಲ್ಲಿ ಯಾರಿದ್ದಾನೆ? ನಾನು ಮನೆಯಿಂದ ಓಡುತ್ತ ಹೊರಟರೆ ಊರಿನ ಗಡಿ ಮುಟ್ಟುವುದರೊಳಗೆ ಒಬ್ಬರಾದ ಮೇಲೊಬ್ಬರು ಸ್ಕೂಟರು ನಿಲ್ಲಿಸುತ್ತಿದ್ದರು. 'ಹತ್ತೋ ತಮಾ, ಬಸ್ಸು ಕೆಟ್ಟೋಯ್ತಾ?' 'ಇಲ್ಲಣ್ಣಾ, ಓಡ್ತಾ ಇದ್ದೀನಿ.' 'ಯಾಕೋ, ಯಾರ ಹಂದಿ ಕದ್ದೆ?' ಬೇಡ ಎನ್ನುವುದು ಹೇಗೆ ಹೇಳು? ಕರೆದವರ ಗಾಡಿ ಹತ್ತದವನು ಅವರ ಮೇಲೆ ಮುನಿಸಿಕೊಂಡಿದ್ದಾನೆ ಎಂದೇ ಲೆಕ್ಕ. ಮೊದಲ ದಿನ ಮುಜುಗರಕ್ಕೆ ಹತ್ತಿಬಿಟ್ಟೆ, ಅವರು ಮನೆಗೇ ಕರೆದೊಯ್ದು ಊಟ ಹಾಕಿ ಕಳಿಸಿದರು. ಆಮೇಲಾಮೇಲೆ ಬೇಡ ಎನ್ನಲು ಕಲಿತೆ. ತಮಾರುವಾನಿಗೆ ಹೆಂಡತಿ ದೂರವಾದ ಮೇಲೆ ತಲೆ ಕೆಟ್ಟಿದೆ, ಯಾರ ಸಹವಾಸವೂ ಬೇಡವಂತೆ ಎಂದು ಸುದ್ದಿಯಾಯಿತು. ಕೊನೆಗೆ ಒಂದು ಭಾನುವಾರ ಪುತಾರಾ ಹಿರಿಯರೇ ಪ್ರಾರ್ಥನೆಯ ಕೊನೆಯಲ್ಲಿ ಎದ್ದು ನಿಂತು, 'ಇನ್ನೊಂದು ವಿಷ್ಯ. ನಮ್ಮ ತಮಾರುವಾ ಕ್ಯಾನ್ಸರ್ ನಿಧಿಗೋಸ್ಕರ ಓಡ್ತಾ ಇದ್ದಾನೆ. ಬೇಕು ಅಂತ್ಲೇ ಓಡೋದು. ದಯವಿಟ್ಟು ಯಾರೂ ಹತ್ತಿಸ್ಕೋಬೇಡಿ' ಎಂದು ಸಾರಿದರು. ಚರ್ಚಿನಲ್ಲಿ ಅಂಥ ನಗು ನಾನು ಕೇಳಿರಲಿಲ್ಲ.

ತಾಲೀಮು ಕೊಟ್ಟವರು ಹೈಸ್ಕೂಲಿನ ಆಟದ ಮೇಷ್ಟ್ರು ಕೂಪರ್, ನ್ಯೂಜಿಲೆಂಡಿನವರು. ಒಳ್ಳೆಯ ಮನುಷ್ಯ, ಆದರೆ ಬಂದ ಹೊಸತರಲ್ಲಿ ಉದ್ದದ ಓಟವನ್ನೆಲ್ಲ ಭಾನುವಾರಕ್ಕೆ ಇಟ್ಟಿದ್ದರು. 'ಮೇಷ್ಟ್ರೇ, ಭಾನುವಾರ ದೇವ್ರ ದಿನ, ಅವತ್ತು ಓಡಿದ್ರೆ ಕಾಲಿಗೆ ಬಲ ಬರ್ಬೋದು, ಊರಲ್ಲಿ ಮುಖ ಇರಲ್ಲ' ಎಂದೆ. ಶನಿವಾರಕ್ಕೆ ಬದಲಾಯಿಸಿದರು. ಓಡುವಾಗ ಚೀಪಲು ಅದೇನೋ ಅಂಟಂಟು ಸಿಹಿಯ ಪೊಟ್ಟಣ ಕೊಡುತ್ತಾರೆ, ಬಾಯಿಗಿಟ್ಟರೆ ವಾಂತಿ ಬರುತ್ತದೆ. ನಾನು ಬಾಳೆಹಣ್ಣಿನ ಪೋಕೆ ಕಡುಬನ್ನೇ ಎಲೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀನು ಮಾಡಿದ ಹಾಗೆ ಬರಲಿಲ್ಲ. ಮೂರು ತಿಂಗಳಿಂದ ಮಾಡುತ್ತಿದ್ದೇನೆ, ಒಂದು ದಿನ ಕಲ್ಲು, ಒಂದು ದಿನ ಗಂಜಿ.

ಬಸ್ಸಿನ ವಿಷಯ ಬರೆಯಬಾರದು ಎಂದುಕೊಂಡಿದ್ದೆ, ಬರೆಯದೆ ಇರಲಾಗುತ್ತಿಲ್ಲ. ನನ್ನ ಹಿಂದಿನ ಸೀಟಿನಲ್ಲಿ ಈಗ ಪ್ರವಾಸಿಗಳು ಕೂರುತ್ತಾರೆ. ಸಂತೆಗೆ ಹೋಗುವ ನೆಪ ಮಾಡಿ ನೀನು ಹತ್ತುತ್ತಿದ್ದೆ, ಸಂತೆ ಬಂದರೂ ಇಳಿಯದೆ ಮಾತಾಡುತ್ತ ಇಡೀ ದ್ವೀಪ ಸುತ್ತಿ ಮನೆ ಮುಂದೆ ಇಳಿಯುತ್ತಿದ್ದೆ. 'ಈ ವಯಸ್ಸಲ್ಲಿ ಏನಮ್ಮ ಗಂಡನ ಬೆನ್ನು ಹತ್ತಿ ಸುತ್ತೋದು' ಎಂದು ಮುದುಕಿಯರು ರೇಗಿಸಿದರೆ, 'ಮನೇಲಿದ್ರೆ ಬಾಯೇ ಬಿಡಲ್ಲ ಕಣ್ರೇ, ಸ್ಟೇರಿಂಗ್ ಹಿಡಿದ್ರೇ ಮಾತಾಡೋದು' ಎನ್ನುತ್ತಿದ್ದೆ. ಈಗ ಕನ್ನಡಿಯಲ್ಲಿ ನೋಡಿದರೆ ಯಾರೋ ಬಿಳಿಯ ಹುಡುಗಿ ತೆಂಗಿನೆಣ್ಣೆ ಹಚ್ಚಿಕೊಂಡು ಕೂತಿರುತ್ತಾಳೆ. ಅವಳ ತಪ್ಪೇನಿಲ್ಲ. ಆದರೂ ಅವಳ ಮೇಲೆ ಸಿಟ್ಟು ಬರುತ್ತದೆ. ನನ್ನ ಭಾನುವಾರ ಇನ್ನೂ ಮುಗಿದಿಲ್ಲ, ನಿನಗೆ ಆಗಲೇ ಸೋಮವಾರ. ನೀನು ನನಗಿಂತ ಒಂದು ದಿನ ಮುಂದೆ ಹೋಗಿಬಿಟ್ಟಿದ್ದೀಯ ಎನ್ನುವುದು ನನಗೆ ಸೇರುವುದಿಲ್ಲ, ಪಾಯೆ.

ಈಗ ಒಂದು ಗುಟ್ಟು ಹೇಳುತ್ತೇನೆ. ನಿನ್ನ ಜೊತೆ ಬಂದ ತಿರೋವಾಳ ಟಿಕೆಟ್ಟನ್ನು ಕ್ಯಾನ್ಸರ್ ಸಂಘದವರು ನಿಧಿಯಿಂದ ಕೊಟ್ಟರು, ಮುಂದೆ ಹೋಗುವ ರೋಗಿಗಳ ಜೊತೆಗೂ ಯಾರಾದರೂ ಹೋಗುವಂತಾಗಲಿ ಎಂದು ಓಡುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಒಳಗೊಂದು ಇತ್ತು. ನೀನು ವಿಮಾನ ಹತ್ತಿದ ದಿನ, ಕೊರಳಿಗೆ ಹಾಕಿದ್ದ ಹೂಮಾಲೆಯನ್ನು ಬಾಗಿಲಲ್ಲಿ ತೆಗೆದು ನನ್ನ ಕೈಗೆ ಕೊಟ್ಟೆಯಲ್ಲ, ಆವತ್ತೇ ದೇವರಿಗೆ ಹೇಳಿಕೊಂಡಿದ್ದೆ: ನಾನು ದ್ವೀಪವನ್ನು ಎರಡು ಸುತ್ತು ಒಂದೇ ಉಸಿರಿಗೆ, ಎಲ್ಲೂ ಗಾಡಿ ಹತ್ತದೆ ಓಡಿ ಮುಗಿಸುತ್ತೇನೆ, ನೀನು ಅವಳನ್ನು ಗುಣ ಮಾಡಿಕೊಡು. ಒಂದು ಸುತ್ತು ಓಡುವವರು ಬೇಕಾದಷ್ಟಿದ್ದಾರೆ, ಅದಕ್ಕೇ ಎರಡು ಎಂದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಪುತಾರಾ ಹಿರಿಯರು ಕಿವಿ ಹಿಂಡುತ್ತಿದ್ದರು.

ನಿನ್ನೆ ಕತ್ತಲಿರುವಾಗಲೇ ನಮ್ಮ ಚರ್ಚಿನ ಮುಂದಿನಿಂದ ಹೊರಟೆ. ಜೀವಮಾನವೆಲ್ಲ ಬಲಸುತ್ತಿನ ಬಸ್ಸು ಓಡಿಸಿದವನು ನಾನು. ಕಡಲ ಬದಿಯಲ್ಲೇ ಓಡುತ್ತ ಎದುರು ಬರುವ ಗಾಡಿ ಕಾಣಲಿ ಎಂದು ಎಡಸುತ್ತು ಓಡಬೇಕಾಯಿತು, ದ್ವೀಪವೇ ತಿರುಗುಮುರುಗಾದ ಹಾಗಿತ್ತು. ಓಡಿ ದಾಟಿದ ಒಂದೊಂದು ಊರೂ ನಿಧಿಗೆ ತನ್ನ ಪಾಲು ಕೊಡುವುದು ಎಂದು ಮಾತಾಗಿತ್ತು. ಊರೂರಿನ ಮಧ್ಯೆ ಇರುವ ಜಿದ್ದು ನಿನಗೆ ಗೊತ್ತಲ್ಲ, ಟಿಟಿಕವೇಕಾದವರು ಡೋಲು ಬಾರಿಸಿ ಕಳಿಸಿದರೆ ಮುಂದಿನ ಊರಿನವರು ಹಾಡಿಗೇ ಜನ ನಿಲ್ಲಿಸಿದ್ದರು. ಅವರುವಾ ಪೇಟೆಯ ಸಂತೆ ಹೊತ್ತಿಗೆ ಸರಿಯಾಗಿ ಅಲ್ಲಿ ದಾಟಿದೆ. ಬಕೆಟ್ಟು ಹಿಡಿದು ನಿಂತಿದ್ದ ಹೆಂಗಸರೆಲ್ಲ ನಿನ್ನನ್ನೇ ಕೇಳಿದರು. 'ಪಾಯೆಗೆ ಹೇಳು, ಅವಳಿಲ್ದೆ ನಮ್ ಹೊಲಿಗೆ ಗುಂಪಲ್ಲಿ ಬೈಯೋರೇ ಇಲ್ಲ' ಎಂದರು. ಮೊದಲ ಸುತ್ತು ಮುಗಿದಾಗ ನಾನು ಇನ್ನೂ ನಗುತ್ತಿದ್ದೆ.

ಎರಡನೆಯದರಲ್ಲಿ ನಗು ಹೋಯಿತು. ಬಿಸಿಲೇರಿತು. ಮಧ್ಯಾಹ್ನ ಮೂರಿ ಊರು ದಾಟುವ ಹೊತ್ತಿಗೆ ನನ್ನ ಕಾಲು ನನ್ನವಾಗಿರಲಿಲ್ಲ, ಯಾರದೋ ಕಾಲನ್ನು ಎರವಲು ತಂದ ಹಾಗಿತ್ತು. ಕೂಪರ್ ಮೇಷ್ಟ್ರು ಟ್ರಕ್ಕಿನಲ್ಲಿ ನೀರು ಹಿಡಿದು ಹಿಂದೆಯೇ ಬರುತ್ತಿದ್ದರು, ಐಸು ಮುಗಿಯಿತೆಂದು ತರಲು ಹೋದರು. ನಾಟಂಗಿಯಾದ ಹಳೆಯ ಚರ್ಚು ದಾಟಿ ಮಟವೇರಾದ ಗಡಿಗೆ ಬಂದಿರಬೇಕು, ಅಕೈತಿ ಅತ್ತೆ ಸ್ಕೂಟರಿನಲ್ಲಿ ಬಂದಳು. ನನ್ನಪ್ಪನ ತಂಗಿ, ವರ್ಷ ಎಂಬತ್ತರ ಹತ್ತಿರ, ಇನ್ನೂ ಬಾಣದ ಹಾಗೆ ಓಡಿಸುತ್ತಾಳೆ. ಚರ್ಚಿಗೆ ಹೂವು ಇಟ್ಟು ಬರುತ್ತಿದ್ದಳು. ಪಕ್ಕದಲ್ಲಿ ನಿಲ್ಲಿಸಿ, 'ಹತ್ತೋ ಮಗಾ' ಎಂದಳು. ನಾನು ಹತ್ತಿದೆ.

ಹೌದು, ಹತ್ತಿದೆ. ಯೋಚನೆಯೇ ಬರಲಿಲ್ಲ. ಹುಟ್ಟಿದಾಗಿನಿಂದ ಹತ್ತೋ ಎಂದಾಗಲೆಲ್ಲ ಹತ್ತಿದವನು ನಾನು, ಹತ್ತು ಎಂದೇ ಬದುಕಿದವಳು ಅವಳು. ನಾನೂ ಮರೆತೆ, ಅವಳೂ ಮರೆತಳು. ಮುಖಕ್ಕೆ ಗಾಳಿ ಬಡಿಯಿತು, ಏನು ಸುಖ ಅಂತೀಯ! ಈ ವರ್ಷ ದೀವಿಹಲಸು ಹಿಡಿಯುವುದು ತಡವಾಯಿತು ಎಂದು ಅವಳು, ನಮ್ಮ ಮರದಲ್ಲಿ ಬಿಟ್ಟಿದೆ, ಕಳಿಸುತ್ತೇನೆ ಎಂದು ನಾನು. ನಮ್ಮ ದೀವಿಹಲಸಿನ ಮಾತಾಡುತ್ತ ಇಡೀ ಮಟವೇರಾ ಊರನ್ನು ದಾಟಿಬಿಟ್ಟೆವು. ಊರಿನವರು ರಸ್ತೆಯಂಚಿಗೆ ಹೂಮಾಲೆ ಹಿಡಿದು ಸಾಲಾಗಿ ನಿಂತಿದ್ದರು. ನಾನು ಸ್ಕೂಟರಿನ ಹಿಂದಿನಿಂದ ಅವರಿಗೆ ಕೈ ಬೀಸಿದೆ. ಹಿಡಿದ ಮಾಲೆ ಹಿಡಿದ ಹಾಗೇ ನನ್ನನ್ನೇ ನೋಡಿದರು. ಮುಂದಿನ ಊರು ಟುಪಾಪಾ ಹತ್ತಿರ ಅಂಗಡಿಯವನೊಬ್ಬ, 'ಏನ್ ತಮಾ, ಓಟ ಮುಗಿದೇಹೋಯ್ತಾ?' ಎಂದು ಕೂಗಿದ.

ಆಗ ಗೊತ್ತಾಯಿತು. 'ಅತ್ತೇ, ನಿಲ್ಸು' ಎಂದೆ. ಇಳಿದೆ, ರಸ್ತೆಯ ಪಕ್ಕ ಹುಲ್ಲಿನ ಮೇಲೆ ಕುಸಿದು ಕೂತೆ. ಅಂಗಡಿಯವನು ನಗುತ್ತಿದ್ದ, ಅತ್ತೆಯೂ ಬಾಯಿಗೆ ಟೋಪಿ ಅಡ್ಡ ಹಿಡಿದು ನಗುತ್ತಿದ್ದಳು. ನಾನು ಅತ್ತುಬಿಟ್ಟೆ, ಪಾಯೆ. ಐವತ್ತೇಳು ವರ್ಷದ ಗಂಡಸು, ಶನಿವಾರ ಮಧ್ಯಾಹ್ನ ರಸ್ತೆಯಂಚಿನಲ್ಲಿ ಗೋಳೋ ಎಂದು ಅತ್ತೆ. 'ಅಯ್ಯೋ ಹುಚ್ಚಪ್ಪಾ, ಹಿಂದಕ್ಕೆ ಬಿಡ್ತೀನಿ ಬಾ, ಅಷ್ಟೇ ತಾನೆ' ಎಂದಳು. ಅಷ್ಟೇ ಅಲ್ಲ ಎಂದೆ. ಹರಕೆಯ ವಿಷಯ ಎಲ್ಲ ಹೇಳಿಬಿಟ್ಟೆ. ಗಾಡಿ ಹತ್ತಿದೆನಲ್ಲ, ಮಾತು ಮುರಿಯಿತಲ್ಲ, ಇನ್ನು ಪಾಯೆಯನ್ನು ಕೊಂದವನು ನಾನೇ ಎಂದೆ.

ಅತ್ತೆ ನಗು ನಿಲ್ಲಿಸಿದಳು. ಸ್ಕೂಟರಿನ ಸ್ಟ್ಯಾಂಡು ಹಾಕಿ ಪಕ್ಕದಲ್ಲಿ ಬಂದು ಕೂತಳು. 'ದೇವ್ರೇನು ಅಂಗಡಿ ಇಟ್ಕೊಂಡಿದ್ದಾನಾ, ಇಷ್ಟು ಓಡಿದ್ರೆ ಇಷ್ಟು ಆಯಸ್ಸು ಅಂತ ತೂಗಿ ಕೊಡೋಕೆ? ಅವಳನ್ನ ಕೇಳಿದ್ಯಾ ನೀನು? ಅವಳಿಗೇನು ಬೇಕು?' ಎಂದಳು. ಪಾಯೆಯೇ ನನ್ನನ್ನು ಕೇಳಿದ್ದಾಳೆ, ನಾನು ಕೋಳಿಯ ಕಥೆ ಹೇಳಿದೆ ಎಂದೆ. ಆಮೇಲೆ ಅತ್ತೆ ತನ್ನ ಗಂಡನ ಮಾತು ತೆಗೆದಳು. ಆ ಮಾವ ತೀರಿಕೊಂಡದ್ದು ಆಕ್ಲೆಂಡಿನ ಆಸ್ಪತ್ರೆಯಲ್ಲೇ ಅಲ್ಲವೆ. 'ಇನ್ನೊಂದ್ಸಲ ನೋಡೋಣ, ಇನ್ನೊಂದ್ಸಲ ನೋಡೋಣ ಅಂತ ನಾನೇ ಇರಿಸ್ಕೊಂಡೆ ಕಣೋ. ಮನೆಗೆ ಹೋಗೋಣ ಅಂತಿದ್ದ ಪಾಪ, ಕೇಳ್ಲಿಲ್ಲ ನಾನು. ಬರುವಾಗ ಅವನು ವಿಮಾನದ ಹೊಟ್ಟೇಲಿ, ಸೂಟ್‌ಕೇಸುಗಳ ಜೊತೆ. ನಾನು ಮೇಲೆ ಸೀಟಲ್ಲಿ. ಊಟ ಬೇರೆ ತಂದುಕೊಟ್ರು, ಕೋಳಿಯೋ ಮೀನೋ ಅಂತ ಕೇಳಿದ್ರು. ತಿಂದೆ ಕಣೋ ನಾನು, ಹಸಿವಾಗಿತ್ತು.' ಇಷ್ಟು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲವಂತೆ.

ಅಷ್ಟು ಹೊತ್ತಿಗೆ ಮಟವೇರಾದವರು ಎರಡು ಟ್ರಕ್ಕು ತುಂಬ ಬಂದಿಳಿದರು. ಮುಖ ನೋಡಬೇಕಿತ್ತು ನೀನು! 'ಎಲ್ಲಾ ಊರೂ ಓಡಿ ದಾಟಿದ್ದೀಯ, ನಮ್ಮೂರು ಮಾತ್ರ ಸ್ಕೂಟರಲ್ಲಾ? ನಮ್ ದುಡ್ಡೇನು ಕೊಳೆತಿದ್ಯಾ? ನಡಿ ವಾಪಸ್ಸು!' ನನ್ನ ನೋವು ಯಾರಿಗೆ ಬೇಕಿತ್ತು, ಅವರಿಗೆ ಊರಿನ ಮರ್ಯಾದೆಯ ಪ್ರಶ್ನೆ. ಐಸು ಹಿಡಿದು ಬಂದ ಕೂಪರ್ ಮೇಷ್ಟ್ರು ಬೆಪ್ಪಾಗಿ ನಿಂತಿದ್ದರು. ನನ್ನ ಸಂಕಟದ ನಡುವೆಯೂ ನನಗೆ ನಗು ಬಂತು. ಅವರ ಟ್ರಕ್ಕಿನಲ್ಲೇ ಗಡಿಗೆ ಹಿಂದಿರುಗಿ ಮತ್ತೆ ಹೊರಟೆ. ಓಟ ಎನ್ನಬೇಡ, ಕುಂಟುತ್ತ ನಡೆದದ್ದೇ ಹೆಚ್ಚು. ಮಟವೇರಾದ ಅರ್ಧ ಊರು ನನ್ನ ಜೊತೆ ಹಾಡುತ್ತ ಬಂತು, ಇನ್ನರ್ಧ ಸ್ಕೂಟರಿನಲ್ಲಿ ಹಿಂದೆ. ಅಕೈತಿ ಅತ್ತೆ ಮುಂದೆ ಮುಂದೆ ಹೋಗುತ್ತ ಗಾಡಿ ನಿಲ್ಲಿಸುವವರನ್ನೆಲ್ಲ ಬೈದು ಓಡಿಸುತ್ತಿದ್ದಳು. ಆ ದಾರಿಯನ್ನು ನಿಧಿಗೋಸ್ಕರ ಓಡಿದೆ. ನಿನಗೋಸ್ಕರ ಅಲ್ಲ. ನಿನ್ನ ಲೆಕ್ಕದಲ್ಲಿ ದೇವರ ಹತ್ತಿರ ಏನನ್ನೂ ಕೇಳಲಿಲ್ಲ, ಕೇಳುವುದನ್ನು ಬಿಟ್ಟ ಮೇಲೆ ಹೆಜ್ಜೆ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ, ಹೆಜ್ಜೆ ಇನ್ನೂ ಭಾರವಾಯಿತು.

ಹೊತ್ತು ಮುಳುಗುವಾಗ ನಮ್ಮ ಚರ್ಚು ಮುಟ್ಟಿದೆ. ಹಾಡು, ಡೋಲು, ಭಾಷಣ, ಕೊರಳು ಕಾಣದಷ್ಟು ಹೂವು. ಎಲ್ಲ ಊರಿನ ಪಾಲೂ ಬಂತು, ಮಟವೇರಾದವರು ಸಿಟ್ಟಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟರು. ನಾನು ಮಾತ್ರ ಆ ಗುಂಪಿನಲ್ಲಿ ನಿನ್ನ ಹುಡುಕುತ್ತಿದ್ದೆ. ಇಲ್ಲ ಎಂದು ಗೊತ್ತು, ಆದರೂ ಕಣ್ಣು ಕೇಳಬೇಕಲ್ಲ. ಯಾರೋ ಮನೆಗೆ ಬಿಟ್ಟರು. ಬಾಗಿಲು ತೆಗೆದು, 'ಬಂದೆ ಕಣೇ' ಎಂದೆ, ಎಂದಿನ ಹಾಗೆ. ಬಾಯಿಗೆ ಬಂದುಬಿಟ್ಟಿತ್ತು. ಹೂವಿನ ಮಾಲೆಗಳನ್ನು ನಿನ್ನ ದಿಂಬಿನ ಮೇಲೆ ಹಾಕಿ ಅಂಚಿನಲ್ಲೇ ಮಲಗಿದೆ. ಬೆಳಿಗ್ಗೆ ಅವೆಲ್ಲ ಬಾಡಿದ್ದವು, ನನ್ನ ಮಂಡಿ ಮಡಚಲು ಬರುತ್ತಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತಾಗ ನಾನೊಬ್ಬ ಕೂತೇ ಹಾಡಿದೆ.

ಇಷ್ಟು ಬರೆಯುವುದರೊಳಗೆ ಹಾಳೆ ತುಂಬಿತು, ಹೇಳಬೇಕಾದ್ದು ಹಾಗೇ ಉಳಿಯಿತು ಎಂದು ನಿನಗೂ ಗೊತ್ತಾಗಿರುತ್ತದೆ. ಬರೆಯಲು ಹೋದರೆ ಕೈ ಬೇರೆ ಕಡೆ ಓಡುತ್ತದೆ. ತಿರೋವಾಳಿಗೆ ನನ್ನ ನೆನಪು ಹೇಳು, ನಿನ್ನನ್ನು ನೋಡಿಕೊಳ್ಳುತ್ತಿರುವ ಅವಳ ಕೈ ತಣ್ಣಗಿರಲಿ. ನಿನ್ನ ಅಣ್ಣನಿಗೂ ಮನೆಯವರಿಗೂ ಕೇಳಿದೆನೆಂದು ತಿಳಿಸು. ಒಂದು ತುತ್ತಾದರೂ ತಿನ್ನು, ಹೊಟ್ಟೆಗೆ ಹಿಡಿಸದಿದ್ದರೆ ತೆಂಗಿನಹಾಲಿನ ರಸವನ್ನಾದರೂ ಕುಡಿ. ದೇವರು ನಿನ್ನ ರಾತ್ರಿಗಳನ್ನು ಹಗುರ ಮಾಡಲಿ, ಇದಿಷ್ಟು ಕೇಳುವುದು ವ್ಯಾಪಾರವಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಬಸ್ಸಿನವನು,
ತಮಾ

ಮತ್ತೆ: ಸೋಮವಾರ ಬೆಳಿಗ್ಗೆ. ಪುತಾರಾ ಹಿರಿಯರ ಸೊಸೆ ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾಳೆ, ಪೆಟ್ಟಿಗೆಯ ಮುಚ್ಚಳ ತೆಗೆದೇ ಇದೆ. ಪಾಯೆ, ಇನ್ನೂ ಔಷಧಿ ನೋಡೋಣ ಎಂದು ನಿನಗೆ ಅನ್ನಿಸಿದರೆ ಡಾಕ್ಟರಿಗೆ ಹೂಂ ಅನ್ನು, ನಾನು ಬಸ್ಸು ಬಿಟ್ಟು ಬಂದು ನಿನ್ನ ಪಕ್ಕ ಕೂರುತ್ತೇನೆ, ಬೇಡ ಎಂದರೂ ಕೇಳುವುದಿಲ್ಲ. ಆದರೆ ನೀನೇನಂತೀಯ ಎಂದು ನನ್ನನ್ನು ಕೇಳಿದೆಯಲ್ಲ. ಮನೆಗೆ ಬಾ ಅಂತೀನಿ. ನಾನೇ ಬಂದು ಕರೆತರುತ್ತೇನೆ. ಮೇಲೆ, ಕಿಟಕಿಯ ಪಕ್ಕ, ನನ್ನ ಜೊತೆ ಕೂತು ಬಾ. ಕೋಳಿಯೋ ಮೀನೋ ಅಂತ ನಿನ್ನನ್ನ ಕೇಳಲಿ.